ಕಾರಿನ ಪಾಲು ಮಾಡಿಸಿದವರು

ಹಲಸಿನ ಹಣ್ಣಿನಿಂದ ಶುರುಮಾಡುತ್ತೇನೆ. ಕಾರಿನಿಂದ ಶುರುಮಾಡಲು ನನಗಿನ್ನೂ ಧೈರ್ಯ ಸಾಲದು.

ಹೊಸನಗರದ ಆ ಮನೆಯ ಮಹಡಿಗೆ ನಾವಿಬ್ಬರು ಬಾಡಿಗೆಗೆ ಬಂದು ಎರಡು ತಿಂಗಳಾಗಿತ್ತು. ಒಂದು ಸಂಜೆ ಕೆಳಗಿನಿಂದ ಕರೆ ಬಂತು. ಹೋಗಿ ನೋಡಿದರೆ ಮನೆಯ ಯಜಮಾನರು ಜಗಲಿಯ ಮೇಲೆ ಗೋಣಿಚೀಲ ಹಾಸಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ದೊಡ್ಡದೊಂದು ಹಲಸಿನ ಹಣ್ಣಿನ ಮುಂದೆ ಕೂತಿದ್ದರು. ಕತ್ತಿಯನ್ನು ನನ್ನ ಕೈಗೆ ಕೊಟ್ಟರು.

“ಎರಡು ಪಾಲು ಮಾಡು ತಂಗಿ. ಒಂದು ಮೇಲಿನ ಮನೆಗೆ, ಒಂದು ಕೆಳಗಿನ ಮನೆಗೆ.”

ನಾನು ಧಾರಾಳವಾಗಿ ಕತ್ತಿ ಎತ್ತಿದೆ.

“ತಡಿ ತಡಿ. ಪಾಲು ಮಾಡಿದೋರು ಆರಿಸೋ ಹಾಂಗಿಲ್ಲ. ಮೊದಲು ಆರಿಸೋದು ನಮ್ಮನೆಯವಳು. ಉಳಿದದ್ದು ನಿಂಗೆ.”

ಕತ್ತಿ ಅಲ್ಲೇ ನಿಂತಿತು. ಹಣ್ಣನ್ನು ಆ ಕಡೆ ಈ ಕಡೆ ಉರುಳಿಸಿದೆ, ತಟ್ಟಿ ನೋಡಿದೆ, ಯಾವ ಭಾಗದಲ್ಲಿ ತೊಳೆ ದಪ್ಪ ಇರಬಹುದು ಎಂದು ಯೋಚಿಸಿದೆ, ಕೊನೆಗೆ ಉಸಿರು ಬಿಗಿಹಿಡಿದು ಕೊಯ್ದೆ. ಅಷ್ಟು ಪ್ರಾಮಾಣಿಕವಾದ ಕೆಲಸ ನಾನು ಜೀವಮಾನದಲ್ಲಿ ಇನ್ನೊಂದು ಮಾಡಿಲ್ಲ. ಅವರು ಎರಡೂ ಹೋಳುಗಳನ್ನು ನೋಡಿ ನಕ್ಕರು. “ನೋಡಿದ್ಯಾ? ನಿಯತ್ತಾಗಿರು ಅಂತ ಮನುಷ್ಯರಿಗೆ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ಕೊಯ್ದೋರಿಗೆ ಕೊನೇ ಪಾಲು ಅಂದ್ರೆ ಸಾಕು.”

ಅವರ ಹೆಸರು ಬರೆಯುವುದಿಲ್ಲ. ಹೊಸನಗರ ಅಂಥ ದೊಡ್ಡ ಊರೇನಲ್ಲ. ಇಷ್ಟು ಹೇಳಿದರೇ ಗೊತ್ತಾಗುವವರಿಗೆ ಗೊತ್ತಾಗುತ್ತದೆ. ಸರ್ವೆ ಇಲಾಖೆಯಲ್ಲಿ ಭೂಮಿ ಅಳೆಯುವ ಕೆಲಸ ಮಾಡಿ ನಿವೃತ್ತರಾದವರು. ನೌಕರಿ ಬಿಟ್ಟರೂ ಅಳತೆ ಅವರನ್ನು ಬಿಟ್ಟಿರಲಿಲ್ಲ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಆರುನೂರ ನಲವತ್ತು ಹೆಜ್ಜೆ ಎನ್ನುತ್ತಿದ್ದರು. ದಾರಿಯಲ್ಲಿ ಯಾರಾದರೂ ಸಿಕ್ಕಿ ಮಾತಿಗೆಳೆದರೆ ಒಂದು ಬೆರಳು ಮಡಚಿ ಲೆಕ್ಕವನ್ನು ಅಲ್ಲೇ ಹಿಡಿದಿಟ್ಟುಕೊಂಡು ಮಾತಾಡುತ್ತಿದ್ದರು. ಮಾತು ಮುಗಿದ ಮೇಲೆ ಬೆರಳು ಬಿಚ್ಚಿ ಮುಂದಿನ ಹೆಜ್ಜೆ. ರಸ್ತೆ ಅಗಲ ಮಾಡುವಾಗ ಚರಂಡಿ ದಾಟಲು ಸುತ್ತು ಹಾಕಬೇಕಾಗಿ ಬಂದು, ಹನ್ನೊಂದು ಹೆಜ್ಜೆ ಹೆಚ್ಚಾಯಿತೆಂದು ವಾರಗಟ್ಟಲೆ ಗೊಣಗಿದ್ದರು.

ಸುತ್ತಲ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾಗುವಾಗ ಪಾಲು ಮಾಡಿಸಲು ಇವರನ್ನು ಕರೆಯುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಅವರದು ಎರಡೇ ಕಟ್ಟಳೆ. ಒಬ್ಬ ಪಾಲು ಹಾಕಬೇಕು, ಇನ್ನೊಬ್ಬ ಆರಿಸಬೇಕು. ಆರಿಸುವ ಮೊದಲು ಪಾಲು ಹಾಕಿದವನನ್ನು ಎಲ್ಲರ ಎದುರು ಒಂದು ಪ್ರಶ್ನೆ ಕೇಳುತ್ತಿದ್ದರು: “ಎರಡರಲ್ಲಿ ಯಾವುದು ಬಂದ್ರೂ ತಗೊಳ್ಳೋಕೆ ತಯಾರಿದ್ಯಾ?” ಅವನು ಹೂಂ ಎನ್ನಬೇಕು. ಎರಡನೆಯ ಕಟ್ಟಳೆ ಕವಳದ್ದು. ನಮ್ಮ ಕಡೆ ಎಲೆ ಅಡಿಕೆಗೆ ಕವಳ ಎನ್ನುತ್ತೇವೆ. ಆರಿಸಿ ಆದ ಮೇಲೆ ಒಂದೇ ತಟ್ಟೆಯಿಂದ ಎರಡೂ ಕಡೆಯವರು ಕವಳ ಹಾಕಬೇಕು, ಕೊನೆಯದಾಗಿ ಪಾಲು ಮಾಡಿಸಿದ ಇವರು ಹಾಕಬೇಕು. ಅಲ್ಲಿಗೆ ಪಾಲು ಮುಗಿಯಿತು. ಆಮೇಲೆ ಮರುಪಾಲು ಇಲ್ಲ, ಮಾತೂ ಇಲ್ಲ. ಒಂದು ಮನೆಯಲ್ಲಿ ಎಲ್ಲ ಮುಗಿದರೂ ಇವರು ಕವಳ ಹಾಕದೆ ಎದ್ದು ಬಂದುಬಿಟ್ಟಿದ್ದರಂತೆ. ಎಂಟನೆಯ ದಿನ ಆ ಮನೆಯ ತಮ್ಮ ಪಂಚೆಯಲ್ಲಿ ಸುತ್ತಿಕೊಂಡು ಬೆಳ್ಳಿ ಲೋಟ ತಂದು ಇವರ ಜಗಲಿಯ ಮೇಲಿಟ್ಟ. ಹುಲ್ಲುಗೊಣಬೆಯಲ್ಲಿ ಬಚ್ಚಿಟ್ಟಿದ್ದನಂತೆ. “ನಿಮಗೆ ಹೇಗೆ ಗೊತ್ತಾಯ್ತು?” ಎಂದು ನಾನು ಕೇಳಿದ್ದೆ. “ಗೊತ್ತೇ ಇರ್ಲಿಲ್ಲ. ಅವನು ಹೂಂ ಅನ್ನುವಾಗ ಹುಲ್ಲಿನ ಕಡೆ ನೋಡಿದ, ಅಷ್ಟೆ.” ಈ ಕಥೆಯನ್ನು ಅವರು ಬೇಕೆಂದಾಗಲೆಲ್ಲ ಹೇಳುತ್ತಿದ್ದರು, ನಾವು ಪ್ರತಿ ಸಲವೂ ನಗುತ್ತಿದ್ದೆವು.

ನಾವು ಎಂದೆನಲ್ಲ, ಆ ‘ನಾವು’ ಮದುವೆಯಾದವರಲ್ಲ. ನಾನು ಸಾಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಅವನು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ನಡುವೆ ಸಿಗುವ ಊರು ಹೊಸನಗರ. ಮನೆ ಕೇಳಲು ಹೋದಾಗ ಗಂಡ ಹೆಂಡತಿ ಎಂದೇ ಹೇಳಿದ್ದೆವು. ತಿಂಗಳು ಕಳೆಯುವುದರೊಳಗೆ ಅವರಿಗೆ ವಿಷಯ ಗೊತ್ತಾಗಿತ್ತು. ಅವರು ಅಡಿಕೆ ಕತ್ತರಿಸುತ್ತಲೇ ಹೇಳಿದರು: “ನಾನು ಗಡಿ ಅಳೆಯೋನು, ತಾಳಿಗೆ ಎಷ್ಟು ಗಂಟು ಅಂತ ಎಣಿಸೋನಲ್ಲ. ಆದ್ರೆ ಸುಳ್ಳು ಹೇಳಿ ಬಂದ್ರಲ್ಲ, ಅದು ಬೇಕಿರ್ಲಿಲ್ಲ.” ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ. ನಾನು ಅವರನ್ನು ಮಾವ ಎಂದೂ ಅವರ ಹೆಂಡತಿಯನ್ನು ಅತ್ತೆ ಎಂದೂ ಕರೆಯುತ್ತಿದ್ದೆ. ಮದುವೆಯೇ ಆಗದವಳಿಗೆ ಕೆಳಗಿನ ಮನೆಯಲ್ಲಿ ಅತ್ತೆ ಮಾವ ಇದ್ದರು.

ಕಾರು ಕೊಂಡದ್ದು ಎರಡನೆಯ ವರ್ಷ. ಅತಿಥಿ ಉಪನ್ಯಾಸಕರಿಗೆ ಬ್ಯಾಂಕಿನವರು ಸಾಲ ಕೊಡುವುದಿರಲಿ, ಕೂರಲು ಕುರ್ಚಿ ಕೊಡುವುದೂ ಅನುಮಾನ. ಹಾಗಾಗಿ ಸಾಲ ನನ್ನ ಹೆಸರಲ್ಲಿ, ಕಾರಿನ ದಾಖಲೆಯೂ ನನ್ನ ಹೆಸರಲ್ಲಿ. ಮೊದಲು ಕಟ್ಟಿದ ಹಣದಲ್ಲಿ ಅರ್ಧ, ಆಮೇಲಿನ ಕಂತುಗಳಲ್ಲಿ ಅರ್ಧ ಅವನದು; ಸಂಬಳ ತಡವಾದರೆ ಟ್ಯೂಷನ್ ಹೇಳಿಯಾದರೂ ನನ್ನ ಖಾತೆಗೆ ಹಾಕುತ್ತಿದ್ದ. ಕಾಗದದಲ್ಲಿ ಮಾತ್ರ ಅವನು ಎಲ್ಲಿಯೂ ಇರಲಿಲ್ಲ. ಸೋಮವಾರದಿಂದ ಬುಧವಾರ ಕಾರು ಸಾಗರದ ಕಡೆಗೆ, ಗುರುವಾರದಿಂದ ಶನಿವಾರ ತೀರ್ಥಹಳ್ಳಿ ಕಡೆಗೆ, ಭಾನುವಾರ ಕೆಳಗಿನ ಮನೆಯವರ ಸೇವೆಗೆ. ಅತ್ತೆಗೆ ವರದಹಳ್ಳಿಯ ಆಶ್ರಮಕ್ಕೆ ಹೋಗುವ ಆಸೆ ತೀರುತ್ತಿರಲಿಲ್ಲ. ಮಾವ ಮುಂದಿನ ಸೀಟಿನಲ್ಲಿ ಕೂತು ಮೈಲಿಗಲ್ಲು ಮತ್ತು ಕಾರಿನ ಮೀಟರು ಎರಡನ್ನೂ ತಾಳೆ ನೋಡುತ್ತ, ಯಾವುದು ಸುಳ್ಳು ಹೇಳುತ್ತಿದೆ ಎಂದು ತೀರ್ಪು ಕೊಡುತ್ತಿದ್ದರು. ಕಾರು ಮನೆಗೆ ಬಂದ ದಿನ ಅದರ ಸುತ್ತ ಒಂದು ಸುತ್ತು ಹೆಜ್ಜೆ ಹಾಕಿ, “ಇದನ್ನ ಮಾತ್ರ ನಂಗೆ ಪಾಲು ಮಾಡೋಕೆ ಹೇಳ್ಬೇಡಿ ಮಾರಾಯ್ರೆ” ಎಂದಿದ್ದರು. ಎಲ್ಲರೂ ನಕ್ಕಿದ್ದೆವು. ನಮ್ಮ ಬಾಯಿಂದ ಅಂಥ ನಗು ಬರುತ್ತಿದ್ದ ಕಾಲ ಅದು.

ನಾಲ್ಕನೆಯ ವರ್ಷ ಅವನ ಅಪ್ಪನ ಕಿಡ್ನಿ ಕೈಕೊಟ್ಟಿತು. ಅವನ ಊರು ಮಂಡಗದ್ದೆಯ ಹತ್ತಿರ, ಡಾಂಬರು ರಸ್ತೆಯಿಂದ ನಾಲ್ಕು ಕಿಲೋಮೀಟರ್ ಒಳಗೆ. ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕು. ಮುಗಿಸಿ ಹೊರಗೆ ಬಂದ ಮನುಷ್ಯನಿಗೆ ನಿಲ್ಲುವ ತ್ರಾಣ ಇರುವುದಿಲ್ಲ, ಬಸ್ಸಿನ ಮಾತು ದೂರ. ಒಂದು ದಿನ ನಾನೂ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಹಾಸಿಗೆಯ ಮೇಲಿದ್ದ ಅಪ್ಪ ನನ್ನನ್ನು ನೋಡಿ ಮಗನ ಮುಖ ನೋಡಿದರು. ಅವನು ಹೇಳಿದ: “ಇವರು ಪರಿಚಯದೋರು. ಕಾರು ಇವರದ್ದು.”

ನಾಲ್ಕು ವರ್ಷ ಒಂದೇ ಒಲೆಯ ಅನ್ನ ತಿಂದವಳು ಪರಿಚಯದೋರು. ಅವನ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ತಪ್ಪು ಅಂತ ಅನ್ನಿಸುವುದಿಲ್ಲ. ಆ ಸಿಟ್ಟಿನಿಂದ ನಾನು ಮಾಡಿದ್ದು ಮಾತ್ರ ತಪ್ಪು. ಎರಡು ತಿಂಗಳು ಮಾತಿಗೆ ಮಾತು ಬೆಳೆಯಿತು, ಮೂರನೆಯ ತಿಂಗಳು ಮಾತೇ ನಿಂತಿತು. ಬೇರೆಯಾಗುವುದು ಎಂದಾಯಿತು. ಪಾತ್ರೆ, ಗ್ಯಾಸು, ಪುಸ್ತಕ ಒಂದೇ ಸಂಜೆಯಲ್ಲಿ ಬೇರೆಯಾದವು. ಉಳಿದದ್ದು ಕಾರು, ಇನ್ನೂ ಮೂರು ವರ್ಷದ ಕಂತು ಬಾಕಿ ಇದ್ದ ಕಾರು. ನನ್ನ ಹೆಸರಲ್ಲಿದೆ, ನನ್ನದೇ ಎಂದುಬಿಡಬಹುದಿತ್ತು. ಗಂಡ ಹೆಂಡತಿಯಾಗಿದ್ದರೆ ಕೋರ್ಟಾದರೂ ಇತ್ತು. ನಮಗೆ ಇದ್ದದ್ದು ಕೆಳಗಿನ ಮನೆಯ ಜಗಲಿ ಒಂದೇ. ಅವನೇ ಹೋಗಿ ಮಾವನನ್ನು ಕೇಳಿದ. ಅವರು “ಬೇಡ ಅಂದಿದ್ದೆ ನಾನು” ಎಂದರಂತೆ. ಆಮೇಲೆ ಒಪ್ಪಿದರು. ದಾಖಲೆ ನನ್ನ ಹೆಸರಲ್ಲಿರುವುದರಿಂದ ಪಾಲು ಹಾಕುವವಳು ನಾನು, ಆರಿಸುವವನು ಅವನು ಎಂದು ತೀರ್ಮಾನಿಸಿದರು.

ಪಾಲು ಎಂದರೆ ಎರಡು ಚೀಟಿ. ಒಂದರಲ್ಲಿ ಕಾರು: ತೆಗೆದುಕೊಂಡವರು ಬಾಕಿ ಕಂತು ಕಟ್ಟಬೇಕು, ಇನ್ನೊಬ್ಬರಿಗೆ ಇಷ್ಟು ಹಣ ಕೊಡಬೇಕು. ಇನ್ನೊಂದರಲ್ಲಿ ಕಾರಿಲ್ಲ, ಕಂತಿಲ್ಲ, ಆ ಹಣ ಮಾತ್ರ. ಎಷ್ಟು ಹಣ ಎಂದು ಬರೆಯುವುದು ನಾನು. ಹೆಚ್ಚು ಬರೆದರೆ ಅವನು ಹಣದ ಚೀಟಿ ಎತ್ತಿಕೊಳ್ಳುತ್ತಾನೆ, ಕೊಡಬೇಕಾದವಳು ನಾನಾಗುತ್ತೇನೆ. ಕಡಿಮೆ ಬರೆದರೆ ಕಾರು ಅಗ್ಗಕ್ಕೆ ಹೋಗುತ್ತದೆ. ಹಲಸಿನ ಹಣ್ಣಿನ ನ್ಯಾಯವೇ ಇದು. ಸಾಗರದಲ್ಲಿ ಹಳೆಯ ಕಾರು ಮಾರಿಸುವ ಒಬ್ಬರನ್ನು ವಿಚಾರಿಸಿದ್ದೆ. ಸಾಲದ ಬಾಕಿ ಕಳೆದು ಎರಡು ಭಾಗ ಮಾಡಿದರೆ ಎಂಬತ್ತು ಸಾವಿರ ಎಂದಿದ್ದರು.

ನಾನು ಒಂದು ಲಕ್ಷದ ಅರವತ್ತು ಸಾವಿರ ಬರೆದೆ.

ಆ ಕಟ್ಟಳೆಯಲ್ಲಿ ಒಂದು ಕಂಡಿ ಇತ್ತು. ಅದು ಮಾವನ ಕಣ್ಣಿಗೆ ಬಿದ್ದಿರಲಿಲ್ಲ, ನನ್ನ ಕಣ್ಣಿಗೆ ಬಿದ್ದಿತ್ತು. ಕೊಯ್ಯುವವಳಿಗೆ ಆರಿಸುವವನ ಹಸಿವು ಗೊತ್ತಿದ್ದರೆ ಅದು ಪಾಲಲ್ಲ. ಎಷ್ಟೇ ಬರೆದರೂ ಅವನು ಕಾರಿನ ಚೀಟಿಯನ್ನೇ ಎತ್ತಬೇಕು. ವಾರಕ್ಕೆರಡು ದಿನ ಅವನ ಅಪ್ಪ ಆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಬೇಕು. ನನಗೆ ಅದು ಗೊತ್ತಿತ್ತು. ಆ ಅಂಕಿಯಲ್ಲಿ ಕಾರಿನ ಬೆಲೆ ಇರಲಿಲ್ಲ, ‘ಪರಿಚಯದೋರು’ ಎಂಬ ಮಾತಿನ ಬೆಲೆ ಇತ್ತು.

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತೆವು. ಮಾವ ಒಗೆದ ಪಂಚೆ ಉಟ್ಟಿದ್ದರು. ಎರಡು ಚೀಟಿಗಳನ್ನು ಓದಿ ಮಣೆಯ ಮೇಲಿಟ್ಟರು. ಮುಖದಲ್ಲಿ ಏನೂ ತೋರಿಸಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು:

“ಎರಡರಲ್ಲಿ ಯಾವುದು ಬಂದ್ರೂ ತಗೊಳ್ಳೋಕೆ ತಯಾರಿದ್ಯಾ ತಂಗಿ?”

“ಹೂಂ,” ಎಂದೆ. ಅವನು ಹಣದ ಚೀಟಿ ಎತ್ತಿದ್ದರೆ ಕೊಡಲು ನನ್ನ ಹತ್ತಿರ ಅದರ ಕಾಲುಭಾಗವೂ ಇರಲಿಲ್ಲ. ನಾನು ಎತ್ತ ನೋಡುತ್ತ ಹೂಂ ಎಂದೆ ಎಂಬುದು ನೆನಪಿಲ್ಲ. ಅವರಿಗೆ ನೆನಪಿದ್ದಿರಬೇಕು.

ಅವನು ಚೀಟಿಗಳನ್ನು ಎರಡೆರಡು ಸಲ ಓದಿದ. ಆಮೇಲೆ ಕಾರಿನ ಚೀಟಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. “ನಂಗೆ ಕಾರು ಬೇಕು,” ಎಂದ. ನನ್ನ ಕಡೆ ನೋಡದೆ ಇನ್ನೊಂದು ಮಾತು ಸೇರಿಸಿದ: “ನಿಂಗೆ ಗೊತ್ತಲ್ಲ.”

ಮಾವ ಆಗ ತಲೆ ಎತ್ತಿದರು.

ಅತ್ತೆ ಕವಳದ ತಟ್ಟೆ ತಂದಿಟ್ಟರು. ಅವನು ಹಾಕಿದ. ನಾನೂ ಹಾಕಿದೆ. ಮಾವ ಒಂದು ಎಲೆ ತೆಗೆದುಕೊಂಡು, ಪಂಚೆಗೆ ಒರೆಸಿ, ತೊಟ್ಟು ಮುರಿದು, ಸುಣ್ಣದ ಡಬ್ಬಿಯ ಕಡೆ ಚಾಚಿದ ಕೈಯನ್ನು ಅಲ್ಲೇ ತಡೆದರು. ಎಲೆಯನ್ನು ವಾಪಸು ತಟ್ಟೆಯಲ್ಲಿಟ್ಟರು.

“ಹಲ್ಲು ನೋವು ಮಾರಾಯ್ರೆ. ಇವತ್ತು ಆಗ್ತಿಲ್ಲ,” ಎಂದು ಎದ್ದು ಒಳಗೆ ಹೋದರು.

ಬೆಳ್ಳಿ ಲೋಟದ ಕಥೆ ಹತ್ತು ಸಲ ಕೇಳಿ ನಕ್ಕವಳು ನಾನು. ಆದರೂ ಹಲ್ಲು ನೋವನ್ನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ನಾನು ಸಾಗರದಲ್ಲಿ ಮನೆ ಮಾಡಿದೆ. ಅವನು ತಿಂಗಳು ತಿಂಗಳು ಕಂತಿನ ಜೊತೆ ನನ್ನ ಹಣವನ್ನೂ ಚೂರುಚೂರಾಗಿ ಹಾಕುತ್ತ ಹೋದ. ಒಂದು ದಿನವೂ ತಡಮಾಡಲಿಲ್ಲ. ಆ ಹಣದಲ್ಲಿ ಸ್ಕೂಟರ್ ತೆಗೆದುಕೊಂಡೆ. ಅದರಲ್ಲಿ ಹೊಸನಗರಕ್ಕೆ ಮಾತ್ರ ಇವತ್ತಿನವರೆಗೆ ಹೋಗಿಲ್ಲ.

ಒಂದೂವರೆ ವರ್ಷದ ಮೇಲೆ ಒಂದು ಭಾನುವಾರ ಯಾರದೋ ಮದುವೆಗೆಂದು ಬಸ್ಸಿನಲ್ಲಿ ಹೊಸನಗರಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಮಾವ ಸಿಕ್ಕರು. ಕಂಕುಳಲ್ಲಿ ಸುರುಳಿ ಸುತ್ತಿದ ಪೇಪರು. ಎಡಗೆನ್ನೆ ಉಬ್ಬಿತ್ತು, ಕವಳ. ಹಲ್ಲು ನೋವು ಗುಣವಾಗಿರಬೇಕು ಎಂದುಕೊಂಡೆ. ಮನುಷ್ಯರು ತಮಗೆ ತಾವೇ ಎಷ್ಟು ಚೆನ್ನಾಗಿ ಟೋಪಿ ಹಾಕಿಕೊಳ್ಳಬಲ್ಲರು.

“ಎಲ್ಲಿಗೆ ಹೊರಟ್ರಿ ಮಾವ? ಯಾರದಾದ್ರೂ ಪಾಲಾ?”

“ಇಲ್ಲ. ಪಾಲು ಮಾಡಿಸೋದು ಬಿಟ್ಟೆ. ತೀರ್ಥಹಳ್ಳಿ ಆಚೆ ಒಂದು ಅಳತೆ ಬಾಕಿ ಇದೆ, ಅದಕ್ಕೆ ಹೋಗ್ತಾ ಇರ್ತೀನಿ.”

ಬಸ್ಸಿನ ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ತಿರುಗಿ ನಿಂತರು. ಹಿಂದಿನವರು ದಾರಿ ಬಿಡಿ ಎನ್ನುತ್ತಿದ್ದರು. “ಎಂತಾದ್ರೂ ಹೇಳೋದಿತ್ತಾ ತಂಗಿ?”

“ಇಲ್ಲ ಮಾವ. ಎಲ್ಲ ಆರಾಮ.”

“ಸರಿ ಹಂಗಾದ್ರೆ,” ಎಂದು ಒಳಗೆ ಹೋದರು. ಬೆರಳೊಂದು ಮಡಚಿಕೊಂಡೇ ಇತ್ತು.

ಅದೇ ಕೊನೆ. ಅವರು ತೀರಿಕೊಂಡ ವಿಷಯ ನನಗೆ ತಿಳಿದದ್ದು ಹದಿನಾರು ದಿನ ತಡವಾಗಿ, ಕಚೇರಿಯ ಜವಾನರು ಮಾತಿನ ಮಧ್ಯೆ ಹೇಳಿದಾಗ. ಮಾರನೆಯ ದಿನವೇ ರಜೆ ಹಾಕಿ ಹೊಸನಗರಕ್ಕೆ ಹೋದೆ. ಬಸ್‌ಸ್ಟ್ಯಾಂಡಿನಿಂದ ಹೆಜ್ಜೆ ಎಣಿಸಲು ಪ್ರಯತ್ನಿಸಿದೆ. ಮುನ್ನೂರರ ಹತ್ತಿರ ಲೆಕ್ಕ ತಪ್ಪಿತು.

ಅತ್ತೆ ಜಗಲಿಯಲ್ಲೇ ಕೂತಿದ್ದರು. ಅಳಲಿಲ್ಲ. ಕಾಫಿ ಕೊಟ್ಟರು. ಎರಡು ದಿನ ಆಸ್ಪತ್ರೆ, ಅಷ್ಟೇ, ಯಾರಿಗೂ ತೊಂದರೆ ಕೊಡದೆ ಹೋದರು ಎಂದರು. ಆಮೇಲೆ ನನ್ನ ಜೊತೆಗಿದ್ದವನ ಮಾತು ಬಂತು.

“ಅವನು ಬಂದು ಹನ್ನೆರಡು ದಿನವೂ ಇದ್ದ. ಕಾರು ಇತ್ತಲ್ಲ, ಸಾಮಾನು ತರೋದು, ನೆಂಟರನ್ನ ಬಿಡೋದು ಎಲ್ಲ ಅವನೇ. ಅವನ ಅಪ್ಪ ಹೋದ ವರ್ಷ ಹೋದ್ರಲ್ಲ, ನಿಂಗೆ ಗೊತ್ತಿರಬೇಕು.”

ನನಗೆ ಗೊತ್ತಿರಲಿಲ್ಲ.

“ಇವರು ಭಾನುವಾರ ಭಾನುವಾರ ಅಲ್ಲಿಗೇ ಹೋಗ್ತಿದ್ರು, ಆ ಅಪ್ಪನ ಹತ್ರ ಕೂತ್ಕೊಳ್ಳೋಕೆ. ಪೇಪರ್ ಓದಿ ಹೇಳ್ತಿದ್ರಂತೆ. ಆ ಹುಡುಗ ಭಾನುವಾರ ಕಾರು ಬಾಡಿಗೆಗೆ ಹೊಡೀತಿದ್ದ. ನಿಂಗೆ ಕೊಡೋ ದುಡ್ಡು ಒಟ್ಟು ಮಾಡ್ಬೇಕಿತ್ತಲ್ಲ.” ಅತ್ತೆಯ ದನಿಯಲ್ಲಿ ಆಕ್ಷೇಪ ಇರಲಿಲ್ಲ, ಅದು ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. “ನಾನು ಕೇಳ್ತಿದ್ದೆ, ಈ ವಯಸ್ಸಲ್ಲಿ ಬಸ್ಸಲ್ಲಿ ಕುಟ್ಟಿಸ್ಕೊಂಡು ಎಂತಕ್ಕೆ ಹೋಗ್ತೀರಿ ಅಂತ. ಪಾಲು ಮಾಡಿಸಿದ್ದು ನಾನಲ್ವಾ ಅನ್ನೋರು.”

ನಾನು ಕಾಫಿ ಲೋಟದ ತಳ ನೋಡುತ್ತ ಕೂತಿದ್ದೆ. ಕೇಳಬಾರದಿತ್ತು, ಕೇಳಿದೆ. “ಅವತ್ತು ಮಾವಂಗೆ ಹಲ್ಲು ನೋವು ಇತ್ತಲ್ಲ ಅತ್ತೆ. ಆಮೇಲೆ ಡಾಕ್ಟರಿಗೆ ತೋರಿಸಿದ್ರಾ?”

“ಹಲ್ಲು ನೋವಾ?” ಅತ್ತೆ ಮೊದಲ ಸಲ ನಕ್ಕರು. “ಆಸ್ಪತ್ರೆಗೆ ಹೋದ ದಿನ ಬೆಳಿಗ್ಗೆನೂ ಕವಳ ಹಾಕಿದ್ರು ಮಾರಾಯ್ತಿ. ಅವತ್ತು ಪಾಲಿನ ದಿನ ಒಳಗೆ ಬಂದವರೇ ಕವಳ ಕೊಡು ಅಂದ್ರು. ನಾನು ಬೈದೆ, ಹೊರಗೆ ತಟ್ಟೆ ಇಟ್ರೆ ಬೇಡ, ಒಳಗೆ ಬಂದು ಬೇಕಾ ಅಂತ. ಇದು ಬೇರೆ ಕವಳ, ಆ ಕವಳಕ್ಕೆ ಇನ್ನೂ ಹೊತ್ತಾಗಿಲ್ಲ ಅಂದ್ರು. ಆ ಲೋಟದ ತಮ್ಮ ಎಂಟು ದಿನಕ್ಕೆ ಬಂದ, ಇವಳು ಓದಿದವಳು, ನಾಲ್ಕೇ ದಿನಕ್ಕೆ ಬರ್ತಾಳೆ ನೋಡ್ತಿರು ಅಂದ್ರು. ಎಂತ ವಿಷಯ ಅಂತ ನಂಗೆ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

ನಾಲ್ಕು ದಿನ ಎಂದಿದ್ದರು. ನಾನು ತೆಗೆದುಕೊಂಡದ್ದು ನಾಲ್ಕು ವರ್ಷ. ಅಷ್ಟರಲ್ಲಿ ಎಷ್ಟು ಭಾನುವಾರ ಬರುತ್ತವೆ ಎಂದು ಅಳತೆಯ ಮನುಷ್ಯರಾದ ಮಾವ ಖಂಡಿತ ಎಣಿಸಿರುತ್ತಾರೆ. ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಹಿಂದಿನವರ ಕೈಲಿ ಬೈಸಿಕೊಳ್ಳುತ್ತ, ನನಗೊಂದು ಅವಕಾಶ ಕೊಟ್ಟಿದ್ದರು. ಎಲ್ಲ ಆರಾಮ ಎಂದಿದ್ದೆ.

ಅತ್ತೆ ಒಳಗೆ ಹೋಗಿ ಕವಳದ ತಟ್ಟೆ ತಂದರು. ಮನೆಗೆ ಬಂದವರಿಗೆಲ್ಲ ಇಡುವ ಹಾಗೆ ನನ್ನ ಮುಂದೆ ಇಟ್ಟರು. ಅದೇ ತಟ್ಟೆ. ಒಂದು ಎಲೆ ತೆಗೆದುಕೊಂಡೆ. ಒರೆಸಿದೆ, ತೊಟ್ಟು ಮುರಿದೆ. ಮುಂದಕ್ಕೆ ಕೈ ಹೋಗಲಿಲ್ಲ. ಎಲೆಯನ್ನು ತಟ್ಟೆಗೆ ವಾಪಸು ಇಟ್ಟೆ.

ಅತ್ತೆ ನನ್ನ ಮುಖ ನೋಡಿದರು.

“ಎಂತ ಆಯ್ತೇ? ನಿಂಗೂ ಹಲ್ಲು ನೋವಾ?”

“ಇಲ್ಲ ಅತ್ತೆ,” ಎಂದೆ. “ತೀರ್ಥಹಳ್ಳಿ ಕಡೆ ಬಸ್ಸು ಎಷ್ಟೊತ್ತಿಗಿದೆ?”